ಗುಹೆಯ ಕತ್ತಲು ಗುಹೆಯಲ್ಲೇ ಇರಲಿ: ಮಾಡ್ ಹಾಕಿದ ಸ್ಕೈರಿಮ್‌ಗೆ ಬೆಳಕು ಹೊಂದಿಸುವ ಬಗೆ

ರಿವರ್‌ವುಡ್ ಹಳ್ಳಿಯಿಂದ ಬೆಟ್ಟ ಹತ್ತಿದರೆ ಸಿಗುವ ಬ್ಲೀಕ್ ಫಾಲ್ಸ್ ಬ್ಯಾರೊ, ‘ಸ್ಕೈರಿಮ್’ ಆಡುವವರಲ್ಲಿ ಹೆಚ್ಚಿನವರು ಮೊದಮೊದಲೇ ಕಾಲಿಡುವ ಪಾಳು ಸಮಾಧಿ. ಒಳಗೆ ಸ್ವಲ್ಪ ದೂರ ಹೋದ ಮೇಲೆ ಮೂರು ತಿರುಗುಗಂಬಗಳ ಒಗಟು ಎದುರಾಗುತ್ತದೆ. ಕಂಬಗಳ ಮುಖದ ಮೇಲೆ ಹಾವು, ಹದ್ದು, ತಿಮಿಂಗಿಲಗಳ ಕೆತ್ತನೆ. ಗೋಡೆಯ ಮೇಲೂ ನೆಲಕ್ಕುರುಳಿದ ಕಲ್ಲಿನ ಮೇಲೂ ಇರುವ ಗುರುತು ನೋಡಿ ಕಂಬಗಳನ್ನು ತಿರುಗಿಸಿ ಸನ್ನೆಕೋಲು ಎಳೆದರೆ ಮುಂದಿನ ಗೇಟು ಏಳುತ್ತದೆ. ಬೆಥೆಸ್ಡಾ ಕಂಪನಿ ಬಿಡುಗಡೆ ಮಾಡಿದ ಮೂಲ ಆಟದಲ್ಲಿ ಈ ಕೆತ್ತನೆ ಎಂಥವರ ಕಣ್ಣಿಗೂ ಕಾಣುತ್ತದೆ. ಹತ್ತಿಪ್ಪತ್ತು ಮಾಡ್ ಹಾಕಿಕೊಂಡವರ ಆಟದಲ್ಲಿ ಮಾತ್ರ ಕಂಬ ಎಲ್ಲಿದೆ ಎಂಬುದೇ ತಿಳಿಯದೆ ಹೋಗಬಹುದು.

ಆಗ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ. ಸೆಟ್ಟಿಂಗ್ಸ್‌ಗೆ ಹೋಗಿ ಬ್ರೈಟ್‌ನೆಸ್ ಪಟ್ಟಿಯನ್ನು ಕೊನೆಯವರೆಗೂ ಎಳೆಯುವುದು. ಕಂಬ ಕಾಣುತ್ತದೆ, ಒಗಟು ಬಿಡಿಸಿದ್ದೂ ಆಗುತ್ತದೆ. ಹೊರಗೆ ಬಂದು ನೋಡಿದರೆ ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ, ರಾತ್ರಿಯ ಆಕಾಶ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಪಂಜು ಹಿಡಿದರೂ ಹಿಡಿಯದಿದ್ದರೂ ವ್ಯತ್ಯಾಸವೇ ಇರುವುದಿಲ್ಲ. ಇಷ್ಟು ಕಷ್ಟಪಟ್ಟು ಹಾಕಿದ ಬೆಳಕಿನ ಮಾಡ್ ಇದ್ದೂ ಇಲ್ಲದಂತಾಯಿತು.

ಸ್ಕೈರಿಮ್ ಬಂದದ್ದು 2011ರ ನವೆಂಬರ್ 11ರಂದು. 64 ಬಿಟ್‌ನ ‘ಸ್ಪೆಷಲ್ ಎಡಿಷನ್’ 2016ರ ಅಕ್ಟೋಬರ್ 28ಕ್ಕೆ, ‘ಆ್ಯನಿವರ್ಸರಿ ಎಡಿಷನ್’ 2021ರ ನವೆಂಬರ್ 11ಕ್ಕೆ ಬಂದವು. ಇಷ್ಟು ಹಳೆಯ ಆಟ ಜಯನಗರದ ಮನೆಗಳಲ್ಲಿ, ಬಿಟಿಎಂ ಲೇಔಟ್‌ನ ಪಿಜಿಗಳಲ್ಲಿ ಈಗಲೂ ಡಿಸ್ಕ್ ತುಂಬಿಕೊಂಡು ಕೂತಿದ್ದರೆ ಅದಕ್ಕೆ ಮುಖ್ಯ ಕಾರಣ ಮಾಡ್‌ಗಳು. ಮೂಲ ಆಟವನ್ನು ಮುಟ್ಟದೆ ಅದರ ಮೇಲೆ ಹೊದಿಸುವ ಹೊಸ ಹವಾಮಾನ, ಹೊಸ ದೀಪ, ಹೊಸ ಊರುಗಳು ಇವು. ಮಾಡಿದವರು ಹೆಚ್ಚಿನಂಶ ಹವ್ಯಾಸಿಗಳು, ಹಂಚುವುದು ಬಹುತೇಕ ಉಚಿತವಾಗಿ. ಒಬ್ಬರ ಮಾಡ್ ಇನ್ನೊಬ್ಬರ ಮಾಡ್ ಜೊತೆ ಹೇಗೆ ಕಾಣುತ್ತದೆಂದು ಮೊದಲೇ ಯಾರೂ ಪರೀಕ್ಷಿಸಿರುವುದಿಲ್ಲ. ಆ ಕೆಲಸ ಆಡುವವರ ಪಾಲಿಗೆ ಬರುತ್ತದೆ.

ಈ ಕೆಲಸದಲ್ಲಿ ನೆನಪಿಡಬೇಕಾದ ಮುಖ್ಯ ಮಾತು: ಪರದೆಯ ಮೇಲೆ ಕಾಣುವ ಕತ್ತಲು ಒಂದೇ ಕಡೆಯಿಂದ ಬಂದದ್ದಲ್ಲ. ಕೋಣೆಯ ಬೆಳಕು, ಮಾನಿಟರ್, ವಿಂಡೋಸ್, ಗ್ರಾಫಿಕ್ಸ್ ಕಾರ್ಡ್, ಆಟದ ಗಾಮಾ, ಹವಾಮಾನದ ಮಾಡ್, ಒಳಾಂಗಣ ದೀಪಗಳ ಮಾಡ್, ಎಲ್ಲಕ್ಕೂ ಮೇಲೆ ಚಿತ್ರವನ್ನು ಮತ್ತೆ ಬಣ್ಣಿಸುವ ಇಎನ್‌ಬಿಯಂಥ ಶೇಡರ್. ಒಂದರ ಮೇಲೊಂದು ಕೂತ ಈ ಪದರಗಳಲ್ಲಿ ತಪ್ಪು ಯಾವುದರಲ್ಲಿದೆಯೋ ಅಲ್ಲೇ ತಿದ್ದಬೇಕು. ಮಾನಿಟರಿನ ದೋಷವನ್ನು ಇಎನ್‌ಬಿಯಲ್ಲಿ ಮುಚ್ಚಲು ಹೋದರೆ ಮುಂದೆ ಹಾಕುವ ಪ್ರತಿ ಮಾಡ್‌ಗೂ ಅದೇ ಗೋಳು ತಪ್ಪದು. ಹೊರಗಿನಿಂದ ಒಳಕ್ಕೆ ಬರುವುದು ಸರಿಯಾದ ದಾರಿ.

ಮೊದಲು ಕೋಣೆ, ಆಮೇಲೆ ಪರದೆ

ಬೆಂಗಳೂರು ದಕ್ಷಿಣದ ಮನೆಗಳಲ್ಲಿ ಬೆಳಕು ಒಂದೇ ತೆರನಾಗಿರುವುದಿಲ್ಲ. ಬನಶಂಕರಿಯ ಥರ್ಟಿ ಫಾರ್ಟಿ ಸೈಟುಗಳಲ್ಲಿ ಗೋಡೆಗೆ ಗೋಡೆ ಒತ್ತಿದ ಮನೆಗಳ ನೆಲಮಹಡಿಯಲ್ಲಿ ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಪಶ್ಚಿಮಕ್ಕೆ ಕಿಟಕಿಯಿದ್ದರೆ ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಪರದೆಗೆ ಹೊಡೆಯುತ್ತದೆ. ಜಯನಗರದ ಮರ ತುಂಬಿದ ಅಡ್ಡರಸ್ತೆಗಳಲ್ಲಿ ನೆರಳು ಜಾಸ್ತಿ. ಬಿಟಿಎಂನ ಹಂಚಿಕೊಂಡ ಕೋಣೆಯಲ್ಲಿ ಜೊತೆಗಾರ ಮಲಗಿದ ಮೇಲೆ ದೀಪ ಆರಿಸಿಯೇ ಆಡಬೇಕು. ಈ ನಾಲ್ಕೂ ಕಡೆ ಒಂದೇ ಸೆಟ್ಟಿಂಗ್ ಒಂದೇ ರೀತಿ ಕಾಣಲಾರದು. ಬೇರೆ ದೇಶದ ಯಾರೋ ಕತ್ತಲ ಕೋಣೆಯಲ್ಲಿ ಕೂತು ತಯಾರಿಸಿದ ಪ್ರಿಸೆಟ್ (ಸಿದ್ಧ ಸೆಟ್ಟಿಂಗ್‌ಗಳ ಕಟ್ಟು), ಟ್ಯೂಬ್‌ಲೈಟಿನ ಕೆಳಗೆ ಕಗ್ಗತ್ತಲಾಗಿ ಕಾಣುವುದು ಸಹಜವೇ.

ಹಾಗಾಗಿ ಸಾಮಾನ್ಯವಾಗಿ ಆಡುವ ಹೊತ್ತು ಯಾವುದೋ ಆ ಹೊತ್ತಿನಲ್ಲೇ, ಆಗ ಕೋಣೆಯಲ್ಲಿ ಇರುವ ಬೆಳಕಿನಲ್ಲೇ ಸೆಟ್ಟಿಂಗ್ ಹೊಂದಿಸಬೇಕು. ಭಾನುವಾರ ಬೆಳಗ್ಗೆ ಹೊಂದಿಸಿ ವಾರವಿಡೀ ರಾತ್ರಿ ಆಡುವುದರಿಂದ ಪ್ರಯೋಜನವಿಲ್ಲ. ಪರದೆಯ ಎದುರಿಗಿರುವ ದೀಪ ಪರದೆಯಲ್ಲೇ ಪ್ರತಿಫಲಿಸಿ ಕಪ್ಪನ್ನು ಮಸಕು ಮಾಡುತ್ತದೆ. ಸಾಧ್ಯವಾದರೆ ಆ ದೀಪ ಆರಿಸಿ, ಮಾನಿಟರಿನ ಹಿಂದೆ ಗೋಡೆಗೆ ಬೀಳುವಂತೆ ಒಂದು ಸಣ್ಣ ಬಿಳಿ ದೀಪ ಇಟ್ಟರೆ ಕಣ್ಣಿಗೂ ಹಿತ, ನೆರಳಿನ ವಿವರವೂ ಚೆನ್ನಾಗಿ ಕಾಣುತ್ತದೆ. ಪಿಜಿಯಲ್ಲಿ ಮಲಗಿದವರಿಗೂ ಇದರಿಂದ ತೊಂದರೆಯಾಗದು.

ಇನ್ನು ಪರದೆ. ಆಟದೊಳಕ್ಕೆ ಹೋಗುವ ಮುನ್ನ ವಿಂಡೋಸ್‌ನಲ್ಲೇ ಇರುವ ‘ಕ್ಯಾಲಿಬ್ರೇಟ್ ಡಿಸ್‌ಪ್ಲೇ ಕಲರ್’ ಎಂಬ ಸಲಕರಣೆಯನ್ನು ಒಮ್ಮೆ ನಡೆಸುವುದು ಒಳ್ಳೆಯದು. ಅದರ ಬ್ರೈಟ್‌ನೆಸ್ ಹಂತದಲ್ಲಿ ಕಪ್ಪು ಸೂಟು ತೊಟ್ಟ ಒಬ್ಬ ವ್ಯಕ್ತಿಯ ಚಿತ್ರ ಬರುತ್ತದೆ. ಹಿನ್ನೆಲೆಯಲ್ಲಿ ಒಂದು ದೊಡ್ಡ ಗುಣಾಕಾರದ ಗುರುತು. ಸೂಟು ಮತ್ತು ಅಂಗಿ ಬೇರೆ ಬೇರೆಯಾಗಿ ತೋರಬೇಕು, ಹಿನ್ನೆಲೆಯ ಗುರುತು ಕಂಡೂ ಕಾಣದಂತಿರಬೇಕು. ಗುರುತು ಢಾಳಾಗಿ ಕಂಡರೆ ಬ್ರೈಟ್‌ನೆಸ್ ಜಾಸ್ತಿಯಾಯಿತು, ಸೂಟು ಅಂಗಿ ಒಂದೇ ಮುದ್ದೆಯಾದರೆ ಕಡಿಮೆಯಾಯಿತು. ಈ ಹಂತದಲ್ಲಿ ಮಾನಿಟರಿನ ಸ್ವಂತ ಗುಂಡಿಗಳನ್ನೇ ಬಳಸಬೇಕು. ಗಾಮಾ 2.2 ಎಂಬ ಆಯ್ಕೆಯಿದ್ದರೆ ಅದನ್ನೇ ಇಡಬೇಕು. 1990ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಪರದೆಗಳಿಗೆಂದು ಗೊತ್ತಾದ ಎಸ್‌ಆರ್‌ಜಿಬಿ ಮಾನದಂಡ ಹೆಚ್ಚು ಕಡಿಮೆ ಈ ಮೌಲ್ಯಕ್ಕೇ ಹತ್ತಿರ ಇದೆ, ಆಟಗಳನ್ನೂ ಅದನ್ನೇ ಎದುರಿಟ್ಟುಕೊಂಡು ಮಾಡಿರುತ್ತಾರೆ.

ಗೇಮಿಂಗ್ ಮಾನಿಟರುಗಳಲ್ಲಿ ನೆರಳನ್ನು ಮಾತ್ರ ಎತ್ತಿ ತೋರಿಸುವ ಒಂದು ಸೌಲಭ್ಯ ಇರುತ್ತದೆ. ಬೆನ್‌ಕ್ಯೂನಲ್ಲಿ ‘ಬ್ಲ್ಯಾಕ್ ಈಕ್ವಲೈಜರ್’, ಎಲ್‌ಜಿಯಲ್ಲಿ ‘ಬ್ಲ್ಯಾಕ್ ಸ್ಟೆಬಿಲೈಜರ್’, ಏಸಸ್‌ನಲ್ಲಿ ‘ಶ್ಯಾಡೊ ಬೂಸ್ಟ್’ ಎಂದು ಹೆಸರು. ಗುಂಡು ಹಾರಿಸುವ ಸ್ಪರ್ಧಾತ್ಮಕ ಆಟಗಳಲ್ಲಿ ಮೂಲೆಯಲ್ಲಿ ಅಡಗಿದ ಎದುರಾಳಿ ಕಾಣಲಿ ಎಂದು ಮಾಡಿದ ಸೌಲಭ್ಯ ಇದು. ಸ್ಕೈರಿಮ್‌ನಂಥ ಆಟಕ್ಕೆ ಇದು ಸಾಮಾನ್ಯ ಮಟ್ಟದಲ್ಲೇ ಇರಬೇಕು. ‘ಡೈನಾಮಿಕ್ ಕಾಂಟ್ರಾಸ್ಟ್’ ಅಂತೂ ಖಂಡಿತ ಆರಿಸಿಡಬೇಕು. ಅದು ಚಾಲೂ ಇದ್ದರೆ ದೃಶ್ಯ ಬದಲಾದಂತೆಲ್ಲ ಮಾನಿಟರ್ ತಾನಾಗಿ ಬೆಳಕು ಏರಿಳಿಸುತ್ತದೆ, ನಾವು ಆಟದಲ್ಲಿ ಏನು ಹೊಂದಿಸಿದರೂ ನಿಲ್ಲುವುದಿಲ್ಲ.

ಎಚ್‌ಡಿಎಂಐ ಕೇಬಲ್‌ನಲ್ಲಿ ಕಂಪ್ಯೂಟರನ್ನು ಟಿವಿಗೆ ಜೋಡಿಸಿ ಆಡುವವರು ನೋಡಲೇಬೇಕಾದ ಇನ್ನೊಂದು ಜಾಗವಿದೆ. ಕಂಪ್ಯೂಟರ್ ಬಣ್ಣಗಳನ್ನು 0ಯಿಂದ 255ರವರೆಗಿನ ಪೂರ್ಣ ವ್ಯಾಪ್ತಿಯಲ್ಲಿ ಕಳಿಸಬಹುದು, ಇಲ್ಲವೇ ಟಿವಿ ಪದ್ಧತಿಯಂತೆ 16ರಿಂದ 235ರ ಸೀಮಿತ ವ್ಯಾಪ್ತಿಯಲ್ಲಿ ಕಳಿಸಬಹುದು. ಕಳಿಸುವವನು ‘ಫುಲ್’ ಎಂದು, ಪಡೆಯುವವನು ‘ಲಿಮಿಟೆಡ್’ ಎಂದು ತಿಳಿದರೆ ನೆರಳಿನ ವಿವರವೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಅದಲುಬದಲಾದರೆ ಕಪ್ಪು ಬೂದಿಯಾಗುತ್ತದೆ. ಎನ್ವಿಡಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಔಟ್‌ಪುಟ್ ಡೈನಾಮಿಕ್ ರೇಂಜ್’, ಟಿವಿಯ ಮೆನುವಿನಲ್ಲಿ ‘ಬ್ಲ್ಯಾಕ್ ಲೆವೆಲ್’ ಅಥವಾ ‘ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್’ ಎಂದಿರುತ್ತದೆ. ಎರಡೂ ಹೊಂದಿಕೆಯಾಗಬೇಕು, ಅಷ್ಟೆ. ಮಾಡ್‌ಗಳನ್ನು ಬೈದುಕೊಂಡು ಎಲ್ಲವನ್ನೂ ಕಿತ್ತುಹಾಕಿದವರಲ್ಲಿ ಎಷ್ಟೋ ಮಂದಿಯ ನಿಜವಾದ ತೊಂದರೆ ಈ ಒಂದು ಸಾಲಿನಲ್ಲಿರುತ್ತದೆ.

ಲ್ಯಾಪ್‌ಟಾಪಿನವರಿಗೆ ಎರಡು ಎಚ್ಚರಿಕೆ. ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿಗೆ ಬದಲಾಗುತ್ತದೆ, ಪರದೆ ಮಂಕಾಗುತ್ತದೆ. ಇಂಟೆಲ್ ಗ್ರಾಫಿಕ್ಸ್‌ನ ‘ಡಿಸ್‌ಪ್ಲೇ ಪವರ್ ಸೇವಿಂಗ್ಸ್’ ಚಾಲೂ ಇದ್ದರೆ ಪರದೆಯ ಮೇಲಿನ ಚಿತ್ರಕ್ಕೆ ತಕ್ಕಂತೆ ಬೆಳಕನ್ನೂ ಕಾಂಟ್ರಾಸ್ಟನ್ನೂ ಅದೇ ಬದಲಿಸುತ್ತದೆ. ಹೊಂದಿಸುವ ಕೆಲಸ ಮಾಡುವಾಗ ಚಾರ್ಜರ್ ಹಾಕಿಯೇ ಇರಬೇಕು. ಎರಡನೆಯದು ವಿಂಡೋಸ್‌ನ ‘ನೈಟ್ ಲೈಟ್’. ಸೂರ್ಯಾಸ್ತಕ್ಕೆ ಶುರುವಾಗುವಂತೆ ಇಟ್ಟಿದ್ದರೆ ಬೆಂಗಳೂರಿನಲ್ಲಿ ಸಂಜೆ ಆರರ ಆಸುಪಾಸಿನಿಂದ ಏಳರೊಳಗೆ, ಋತುವಿಗೆ ತಕ್ಕಂತೆ, ಪರದೆ ಕಿತ್ತಳೆಗೆ ತಿರುಗುತ್ತದೆ. ಸ್ಕೈರಿಮ್‌ನ ನೀಲಿ ಹಿಮರಾತ್ರಿ ಮಣ್ಣುಬಣ್ಣವಾಗಿ ಕಂಡರೆ ಆಟದ ತಪ್ಪಲ್ಲ.

ಗಾಮಾ ಎಂಬ ಒಂದು ಸಾಲು

ಪರದೆ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಆಟದ ಬ್ರೈಟ್‌ನೆಸ್ ಪಟ್ಟಿಯನ್ನು ಮತ್ತೆ ನಡುವಿಗೆ ತರಬೇಕು. ಆ ಪಟ್ಟಿ ಬದಲಿಸುವುದು ‘ಸ್ಕೈರಿಮ್‌ಪ್ರೆಫ್ಸ್’ ಎಂಬ ಐಎನ್‌ಐ ಕಡತದ ‘ಡಿಸ್‌ಪ್ಲೇ’ ವಿಭಾಗದಲ್ಲಿರುವ ‘ಎಫ್‌ಗಾಮಾ’ ಎಂಬ ಒಂದೇ ಸಾಲನ್ನು. ಅದರ ಮೂಲ ಬೆಲೆ 1.0. ಸಂಖ್ಯೆ ಇಳಿಸಿದರೆ ಚಿತ್ರ ಬೆಳಗುತ್ತದೆ, ಏರಿಸಿದರೆ ಕಪ್ಪಾಗುತ್ತದೆ. ಮೊದಲ ಸಲ ನೋಡುವವರಿಗೆ ಇದು ತಿರುಗುಮುರುಗಾಗಿ ತೋರುತ್ತದೆ. 0.9ರಿಂದ 1.1ರ ಆಚೆ ಹೋಗಬೇಕಾಗಿ ಬಂದರೆ ತೊಂದರೆ ಗಾಮಾದಲ್ಲಿಲ್ಲ, ಬೇರೆಲ್ಲೋ ಇದೆ ಎಂದೇ ತಿಳಿಯಬೇಕು. ಗಾಮಾ ಇಡೀ ಪರದೆಯನ್ನು ಒಂದೇ ಬಾರಿಗೆ ಎತ್ತುತ್ತದೆ. ಗುಹೆಯ ಮೂಲೆಯನ್ನು ಮಾತ್ರ ಬೆಳಗಿಸಿ ಹೊರಗಿನ ಹಿಮವನ್ನು ಹಾಗೇ ಬಿಡುವ ಶಕ್ತಿ ಅದಕ್ಕಿಲ್ಲ.

ಕಡತವನ್ನು ತಿದ್ದಿದರೂ ಆಟದಲ್ಲಿ ಬದಲಾವಣೆ ಕಾಣುತ್ತಿಲ್ಲ ಎಂಬ ದೂರು ತೀರಾ ಸಾಮಾನ್ಯ. ಡಾಕ್ಯುಮೆಂಟ್ಸ್ ಫೋಲ್ಡರಿನ ‘ಮೈ ಗೇಮ್ಸ್’ ಒಳಗಿರುವ ಕಡತ ಮೂಲದ್ದು. ‘ಮಾಡ್ ಆರ್ಗನೈಜರ್ 2’ ಎಂಬ ಮಾಡ್ ಮ್ಯಾನೇಜರ್ ಬಳಸುವವರಲ್ಲಿ ಬಹಳ ಮಂದಿಯ ಪ್ರೊಫೈಲಿಗೆ ತನ್ನದೇ ಪ್ರತ್ಯೇಕ ಐಎನ್‌ಐ ಇರುತ್ತದೆ, ಆಟ ಓದುವುದು ಅದನ್ನು. ಮಾಡ್ ಆರ್ಗನೈಜರ್ ಒಳಗಿನ ಐಎನ್‌ಐ ಸಂಪಾದಕದಿಂದಲೇ ತೆರೆದು ತಿದ್ದಿದರೆ ಈ ಗೊಂದಲ ಇರದು. 2011ರ ಹಳೆಯ ಆವೃತ್ತಿಯನ್ನೇ ಆಡುವವರು ಇನ್ನೂ ಒಂದು ತಿಳಿದಿರಬೇಕು: ಅದು ಕಿಟಕಿ ರೂಪದಲ್ಲಿ ನಡೆಯುತ್ತಿರುವಾಗ ಬ್ರೈಟ್‌ನೆಸ್ ಪಟ್ಟಿಯನ್ನು ಎಷ್ಟು ಎಳೆದರೂ ಏನೂ ಆಗುವುದಿಲ್ಲ. ಪೂರ್ಣ ಪರದೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ.

ಹೋಲಿಸಿ ನೋಡಲು ಮೂರು ಸೇವ್‌ಗಳನ್ನು ಬೇರೆ ಇಟ್ಟುಕೊಳ್ಳುವುದು ಜಾಣತನ. ವೈಟ್‌ರನ್ ಊರಿನ ಹೊರಗೆ ಮಟಮಟ ಮಧ್ಯಾಹ್ನ ಒಂದು, ಅದೇ ಜಾಗದಲ್ಲಿ ನಡುರಾತ್ರಿ ಒಂದು, ಬ್ಲೀಕ್ ಫಾಲ್ಸ್‌ನ ಕಂಬಗಳ ಎದುರು ಒಂದು. ಆಟದ ಕಾಲ ನಮ್ಮ ಕಾಲಕ್ಕಿಂತ 20 ಪಟ್ಟು ಬೇಗ ಓಡುತ್ತದೆ, ಅಂದರೆ ನಮ್ಮ 72 ನಿಮಿಷಕ್ಕೆ ಅಲ್ಲಿ ಒಂದು ದಿನ. ಕಾಯುತ್ತಾ ಕೂರಬೇಕಿಲ್ಲ. ಎಸ್ಕೇಪ್ ಕೀಲಿಯ ಕೆಳಗಿನ ಕೀಲಿ ಒತ್ತಿದರೆ ತೆರೆಯುವ ಕನ್ಸೋಲ್‌ನಲ್ಲಿ ‘ಸೆಟ್ ಗೇಮ್‌ಅವರ್ ಟು 12’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದರೆ ಮಧ್ಯಾಹ್ನವಾಗುತ್ತದೆ, 12ರ ಜಾಗದಲ್ಲಿ 0 ಹಾಕಿದರೆ ನಡುರಾತ್ರಿ. ಮೋಡ ಮುಸುಕಿದ್ದರೆ ‘ಎಫ್‌ಡಬ್ಲ್ಯೂ 81ಎ’ ಎಂಬ ಆದೇಶ ಆಕಾಶವನ್ನು ತಿಳಿಯಾಗಿಸುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆ, ಆಮೇಲೆ ಮೂರೂ ಸೇವ್ ತೆರೆದು ನೋಡುವುದು.

ಯಾವಾಗ ಸರಿಯಾಯಿತೆಂದು ಹೇಗೆ ಗೊತ್ತಾಗಬೇಕು? ಕಂಬಗಳ ಕೋಣೆಯಲ್ಲಿ ಪಂಜು ಇಲ್ಲದೆ ನಿಂತಾಗ ಕಂಬಗಳ ಆಕಾರ ತಿಳಿಯಬೇಕು, ಕೆತ್ತನೆ ತಿಳಿಯಬಾರದು. ಪಂಜು ಹಿಡಿದು ಎರಡು ಹೆಜ್ಜೆ ಹತ್ತಿರ ಹೋದರೆ ಹಾವು ಹಾವಾಗಿ, ತಿಮಿಂಗಿಲ ತಿಮಿಂಗಿಲವಾಗಿ ಕಾಣಬೇಕು. ಆಟದಲ್ಲಿ ಪಂಜು ಉರಿಯುವುದು ನಾಲ್ಕೇ ನಿಮಿಷ, ‘ಕ್ಯಾಂಡಲ್‌ಲೈಟ್’ ಮಂತ್ರ ಇರುವುದು 60 ಸೆಕೆಂಡ್. ಖಜೀಟ್ ಕುಲದವರಿಗೆ ಕತ್ತಲಲ್ಲಿ ಕಾಣುವ ಕಣ್ಣು ಹುಟ್ಟಿನಿಂದಲೇ ಬಂದಿರುತ್ತದೆ. ಇವಕ್ಕೆಲ್ಲ ಬೆಲೆ ಬರುವುದು ಕತ್ತಲು ಕತ್ತಲಾಗಿದ್ದರೆ ಮಾತ್ರ. ಬೆಳಕಿನ ಮಾಡ್‌ಗಳ ಸಾರ್ಥಕತೆಯೂ ಅದರಲ್ಲೇ ಇದೆ.

ಎರಡು ಮಾಡ್, ಒಂದೇ ದೀಪ

ಈಗ ನಿಜವಾದ ಸಿಕ್ಕು. ಸ್ಕೈರಿಮ್‌ನಲ್ಲಿ ಹೊರಗಿನ ಬೆಳಕು ಮತ್ತು ಒಳಗಿನ ಬೆಳಕು ಬೇರೆ ಬೇರೆ ದಾಖಲೆಗಳಿಂದ ಬರುತ್ತವೆ. ಹೊರಗೆ ಹವಾಮಾನದ ದಾಖಲೆ ಆಳುತ್ತದೆ: ಬಿಸಿಲಿನ ಬಣ್ಣ, ಮಂಜು, ಆಕಾಶ, ಸುತ್ತಲಿನ ಹರಡಿದ ಬೆಳಕು. ‘ಒಬ್ಸಿಡಿಯನ್ ವೆದರ್ಸ್’, ‘ಕೆಥೀಡ್ರಲ್ ವೆದರ್ಸ್’, ‘ವಿವಿಡ್ ವೆದರ್ಸ್’ ಮುಂತಾದವು ಬದಲಿಸುವುದು ಇದನ್ನು. ಇವುಗಳಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು. ಎರಡು ಹವಾಮಾನ ಮಾಡ್ ಒಟ್ಟಿಗಿದ್ದರೆ ಮಧ್ಯಾಹ್ನ ಒಂದರದ್ದು, ಮಳೆ ಇನ್ನೊಂದರದ್ದು ಆಗಿ ಬೆಳಕು ಹಠಾತ್ತನೆ ನೆಗೆಯುತ್ತದೆ.

ಒಳಗಿನ ಕತೆ ಬೇರೆ. ಪ್ರತಿ ಕೋಣೆಗೂ ಗುಹೆಗೂ ತನ್ನ ಹರಡಿದ ಬೆಳಕಿನ ಮಟ್ಟ, ಅಲ್ಲಲ್ಲಿ ಇಟ್ಟ ದೀಪಗಳು, ಒಟ್ಟಾರೆ ಬಣ್ಣ ಮತ್ತು ಕಾಂಟ್ರಾಸ್ಟ್ ತೀರ್ಮಾನಿಸುವ ‘ಇಮೇಜ್ ಸ್ಪೇಸ್’ ಎಂಬ ದಾಖಲೆ ಇರುತ್ತವೆ. ಮೂಲ ಆಟದಲ್ಲಿ ಮೇಣದಬತ್ತಿ ಒಂದು ಕಡೆ, ಬೆಳಕು ಬರುವುದು ಇನ್ನೊಂದು ಕಡೆಯಿಂದ ಎನ್ನುವಂಥ ಜಾಗಗಳು ಬೇಕಾದಷ್ಟಿವೆ. ಆಟ ಸರಾಗವಾಗಿ ನಡೆಯಲಿ, ಎಲ್ಲವೂ ಕಾಣಲಿ ಎಂದು ಮಾಡಿಕೊಂಡ ಅನುಕೂಲ ಅದು. ‘ರೀಲೈಟಿಂಗ್ ಸ್ಕೈರಿಮ್’, ‘ಎನ್‌ಹಾನ್ಸ್‌ಡ್ ಲೈಟ್ಸ್ ಆ್ಯಂಡ್ ಎಫ್‌ಎಕ್ಸ್’, ‘ಲಕ್ಸ್’ ಮೊದಲಾದ ಮಾಡ್‌ಗಳು ಬೆಳಕನ್ನು ನಿಜವಾದ ದೀಪದ ಬುಡಕ್ಕೆ ತಂದು ಕೂರಿಸಿದವು. ಉರಿ ಇಲ್ಲದ ಕಡೆ ಬೆಳಕೂ ಇಲ್ಲವಾಯಿತು. ಗುಹೆ ಕಪ್ಪಾದದ್ದು ಹೀಗೆ. ಎನ್‌ಹಾನ್ಸ್‌ಡ್ ಲೈಟ್ಸ್‌ನಲ್ಲಿ ‘ಹಾರ್ಡ್‌ಕೋರ್’ ಎಂಬ ಒಂದು ಐಚ್ಛಿಕ ಪ್ಲಗಿನ್ ಇದೆ, ಒಳಾಂಗಣಗಳನ್ನು ಮತ್ತಷ್ಟು ಕತ್ತಲಾಗಿಸುವುದೇ ಅದರ ಕೆಲಸ. ಅನುಸ್ಥಾಪನೆಯ ಅವಸರದಲ್ಲಿ ಎಲ್ಲ ಚೌಕಗಳಿಗೂ ಗುರುತು ಹಾಕುವ ಅಭ್ಯಾಸದವರು ಇದನ್ನೂ ಸೇರಿಸಿಕೊಂಡಿರುತ್ತಾರೆ. ಆ ಒಂದು ಗುರುತು ತೆಗೆದರೆ ಎಷ್ಟೋ ಮಂದಿಯ ದೂರು ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಲೋಡ್ ಆರ್ಡರ್, ಅಂದರೆ ಮಾಡ್‌ಗಳು ತೆರೆದುಕೊಳ್ಳುವ ಕ್ರಮದ ಪಟ್ಟಿ, ನೋಡಬೇಕು. ಒಂದೇ ಕೋಣೆಯನ್ನು ಎರಡು ಮಾಡ್ ಮುಟ್ಟಿದರೆ ಪಟ್ಟಿಯಲ್ಲಿ ಕೆಳಗಿರುವುದರ ಮಾತು ನಡೆಯುತ್ತದೆ. ಉದಾಹರಣೆಗೆ ವೈಟ್‌ರನ್‌ನ ಅರಮನೆ ಡ್ರ್ಯಾಗನ್ಸ್‌ರೀಚ್. ಅದರ ನಡುವೆ ದೊಡ್ಡ ಬೆಂಕಿಗುಂಡಿ, ಎರಡೂ ಬದಿಗೆ ಊಟದ ಮೇಜು. ಒಂದು ಮಾಡ್ ಅಲ್ಲಿಗೆ ಹೊಸ ಪೀಠೋಪಕರಣ ತರುತ್ತದೆ, ಇನ್ನೊಂದು ಅಲ್ಲಿನ ಬೆಳಕು ಬದಲಿಸುತ್ತದೆ. ಪೀಠೋಪಕರಣದ ಮಾಡ್ ಕೆಳಗಿದ್ದರೆ ಅದು ತನ್ನೊಂದಿಗೆ ಮೂಲ ಆಟದ ಹರಡಿದ ಬೆಳಕನ್ನೂ ವಾಪಸ್ ತರುತ್ತದೆ. ಹೊಸ ದೀಪಗಳು ಒಂದು ಲೆಕ್ಕದಲ್ಲಿ, ಕೋಣೆಯ ಬೆಳಕು ಇನ್ನೊಂದು ಲೆಕ್ಕದಲ್ಲಿ. ಫಲ, ಅರ್ಧ ಸಭಾಂಗಣ ಉರಿಯುತ್ತದೆ, ಅರ್ಧ ಕಪ್ಪು. ‘ಎಸ್‌ಎಸ್‌ಇಎಡಿಟ್’ ಎಂಬ ಉಚಿತ ತಂತ್ರಾಂಶದಲ್ಲಿ ಆ ಕೋಣೆಯ ದಾಖಲೆ ತೆರೆದರೆ ಯಾವ ಮಾಡ್ ಯಾವ ಸಾಲನ್ನು ಬದಲಿಸಿದೆ ಎಂಬುದು ಅಕ್ಕಪಕ್ಕದ ಕಂಬಸಾಲುಗಳಲ್ಲಿ ಬಣ್ಣ ಸಮೇತ ಕಾಣುತ್ತದೆ. ತಿದ್ದುವ ಧೈರ್ಯವಿಲ್ಲದವರೂ ಓದಿ ತಿಳಿದುಕೊಳ್ಳಬಹುದು. ‘ಜೆಕೆ’ ಹೆಸರಿನ ಒಳಾಂಗಣ ಮಾಡ್‌ಗಳಂಥ ಜನಪ್ರಿಯ ಮಾಡ್‌ಗಳಿಗೆ ಲಕ್ಸ್ ಜೊತೆ ಹೊಂದಿಸುವ ಪ್ಯಾಚ್‌ಗಳು ತಯಾರಾಗಿಯೇ ಇವೆ. ಪ್ಯಾಚ್ ಹಾಕದೆ ಬ್ರೈಟ್‌ನೆಸ್ ತಿರುಗಿಸುತ್ತಾ ಕೂರುವುದು ಸುಮ್ಮನೆ ಹೊತ್ತು ಕಳೆದಂತೆ.

ಕೆಲವು ಕತ್ತಲು ಕತ್ತಲೇ ಅಲ್ಲ. ಊರಿನ ಒಬ್ಬಿಬ್ಬರ ಮುಖ ಮಾತ್ರ ಕಪ್ಪಾಗಿ ಅಥವಾ ಬೂದಿಯಾಗಿ, ಕುತ್ತಿಗೆಯಿಂದ ಕೆಳಗೆ ಸರಿಯಾಗಿ ಕಂಡರೆ ಅದಕ್ಕೂ ಬೆಳಕಿಗೂ ಸಂಬಂಧವಿಲ್ಲ. ಮುಖದ ದಾಖಲೆ ಒಂದು ಮಾಡ್‌ನಿಂದ, ಮುಖದ ಮಾದರಿ ಕಡತ ಇನ್ನೊಂದು ಮಾಡ್‌ನಿಂದ ಬಂದು ಎರಡೂ ತಾಳೆಯಾಗದೆ ಹೀಗಾಗುತ್ತದೆ. ಆ ಪಾತ್ರವನ್ನು ಮುಟ್ಟಿರುವ ಮಾಡ್‌ಗಳ ಕ್ರಮ ಸರಿಪಡಿಸುವುದೇ ಮದ್ದು. ಹಾಗೆಯೇ ನಡೆದಾಡುವಾಗ ಗೋಡೆಯ ಒಂದು ಭಾಗ ಬೆಳಗುವುದು, ಆರುವುದು ಮಾಡುತ್ತಿದ್ದರೆ ಅದು ಎಂಜಿನ್‌ನ ಮಿತಿ. ಒಂದು ವಸ್ತುವಿನ ಮೇಲೆ ಒಟ್ಟಿಗೆ ಇಷ್ಟೇ ದೀಪಗಳ ಲೆಕ್ಕ ಎಂದು ಸ್ಕೈರಿಮ್‌ನ ಎಂಜಿನ್ ಗೆರೆ ಹಾಕಿಕೊಂಡಿದೆ. ದೀಪ ಹೆಚ್ಚಿಸುವ ಮಾಡ್‌ಗಳು ಆ ಗೆರೆ ದಾಟಿದಾಗ ಒಂದೊಂದು ದೀಪ ಲೆಕ್ಕದಿಂದ ಬಿದ್ದುಹೋಗುತ್ತದೆ. ಮುಂದೆ ಹೇಳಲಿರುವ ‘ಕಮ್ಯುನಿಟಿ ಶೇಡರ್ಸ್’ನ ‘ಲೈಟ್ ಲಿಮಿಟ್ ಫಿಕ್ಸ್’ ಇದಕ್ಕೆಂದೇ ಬಂದದ್ದು.

ಇಎನ್‌ಬಿ: ಕೊನೆಯ ಪದರ

ಬೊರಿಸ್ ವೊರೊಂತ್ಸೊವ್ ರೂಪಿಸಿದ ಇಎನ್‌ಬಿ ಸೀರೀಸ್, ಆಟ ಮತ್ತು ಗ್ರಾಫಿಕ್ಸ್ ಕಾರ್ಡಿನ ನಡುವೆ ಕೂತು ಚಿತ್ರವನ್ನು ಮತ್ತೆ ಬಣ್ಣಿಸುವ ತಂತ್ರ. ‘ಕಮ್ಯುನಿಟಿ ಶೇಡರ್ಸ್’ ಅದಕ್ಕೆ ಪರ್ಯಾಯವಾಗಿ ಬಂದ ಮುಕ್ತ ತಂತ್ರಾಂಶ, ಸಾಧಾರಣ ಲ್ಯಾಪ್‌ಟಾಪಿಗೂ ಹಗುರ. ಇವೆರಡನ್ನೂ ಒಟ್ಟಿಗೆ ಹಾಕುವಂತಿಲ್ಲ. ಇಎನ್‌ಬಿಯ ಪ್ರಿಸೆಟ್‌ಗಳು ಒಂದೊಂದೂ ಒಂದು ನಿರ್ದಿಷ್ಟ ಹವಾಮಾನ ಮಾಡ್‌ಗೆ ಹೊಂದಿಸಿ ಮಾಡಿದವು. ‘ರೂಡಿ ಇಎನ್‌ಬಿ’ಯಂಥ ಹೆಸರಾದ ಪ್ರಿಸೆಟ್‌ಗೆ ಬೇರೆ ಬೇರೆ ಹವಾಮಾನಕ್ಕೆ ಬೇರೆ ಬೇರೆ ಆವೃತ್ತಿಗಳಿವೆ. ಕೆಥೀಡ್ರಲ್‌ಗೆ ಮಾಡಿದ್ದನ್ನು ಒಬ್ಸಿಡಿಯನ್ ಮೇಲೆ ಹೇರಿದರೆ ರಾತ್ರಿ ಮಸಿ ಬಳಿದಂತಾಗುವುದರಲ್ಲಿ ಆಶ್ಚರ್ಯವಿಲ್ಲ. ಪ್ರಿಸೆಟ್ ಇಳಿಸಿಕೊಳ್ಳುವ ಮುನ್ನ ಅದರ ವಿವರಣೆಯಲ್ಲಿ ಹವಾಮಾನ, ಒಳಾಂಗಣ ಎರಡರ ಹೆಸರನ್ನೂ ಓದಿಕೊಳ್ಳುವುದು ಅರ್ಧ ಕೆಲಸ ಮುಗಿಸಿದಂತೆ.

ಆಟದ ನಡುವೆ ಶಿಫ್ಟ್ ಮತ್ತು ಎಫ್12 ಒಟ್ಟಿಗೆ ಒತ್ತಿದರೆ ಇಎನ್‌ಬಿ ಆರುತ್ತದೆ, ಮತ್ತೆ ಒತ್ತಿದರೆ ಹೊತ್ತುತ್ತದೆ. ಕಂಬಗಳ ಕೋಣೆಯಲ್ಲಿ ನಿಂತು ಹೀಗೆ ಮಾಡಿ ನೋಡಬೇಕು. ಆರಿಸಿದಾಗಲೂ ಕೋಣೆ ಅಷ್ಟೇ ಕಪ್ಪಾಗಿದ್ದರೆ ತಪ್ಪು ಒಳಾಂಗಣ ಮಾಡ್‌ನಲ್ಲಿ ಇದೆ, ಇಎನ್‌ಬಿಯಲ್ಲಿ ಅಲ್ಲ. ಆರಿಸಿದಾಗ ಚೆನ್ನಾಗಿ ಕಂಡು ಹೊತ್ತಿಸಿದಾಗ ಮುಳುಗಿದರೆ ಮಾತ್ರ ಇಎನ್‌ಬಿಯ ಮೆನು ತೆರೆಯಬೇಕು. ಹಳೆಯ ಆವೃತ್ತಿಗಳಲ್ಲಿ ಶಿಫ್ಟ್ ಮತ್ತು ಎಂಟರ್, ಹೊಸದರಲ್ಲಿ ಎಂಡ್ ಕೀಲಿ.

ಆ ಮೆನುವಿನ ನೂರಾರು ಸಾಲು ನೋಡಿ ಗಾಬರಿಯಾಗಬೇಕಿಲ್ಲ. ಬೇಕಾದದ್ದು ‘ಎನ್ವಿರಾನ್‌ಮೆಂಟ್’ ವಿಭಾಗ. ಅಲ್ಲಿ ‘ಡೈರೆಕ್ಟ್ ಲೈಟಿಂಗ್’ ನೇರ ಬೆಳಕಿಗೆ, ‘ಆ್ಯಂಬಿಯೆಂಟ್ ಲೈಟಿಂಗ್’ ಎಲ್ಲೆಡೆ ಹರಡಿದ ಬೆಳಕಿಗೆ, ‘ಪಾಯಿಂಟ್ ಲೈಟಿಂಗ್’ ಪಂಜು, ಮೇಣದಬತ್ತಿಗಳಂಥ ಬಿಡಿ ದೀಪಗಳಿಗೆ. ಪ್ರತಿಯೊಂದಕ್ಕೂ ಮುಂಜಾವಿನಿಂದ ರಾತ್ರಿಯವರೆಗೆ ಬೇರೆ ಬೇರೆ ಬೆಲೆ, ಒಳಾಂಗಣಕ್ಕೆ ಹಗಲು ಮತ್ತು ರಾತ್ರಿ ಎಂದು ಎರಡು ಪ್ರತ್ಯೇಕ ಬೆಲೆ. ಗಾಮಾಕ್ಕಿಲ್ಲದ ಶಕ್ತಿ ಇದಕ್ಕಿರುವುದು ಹೀಗೆ. ಹೊರಗಿನ ಹಿಮವನ್ನು ಮುಟ್ಟದೆ ಗುಹೆಯನ್ನಷ್ಟೇ ತಿದ್ದಬಹುದು. ಗುಹೆ ತೀರಾ ಕಪ್ಪಾಗಿದ್ದರೆ ಒಳಾಂಗಣದ ಆ್ಯಂಬಿಯೆಂಟ್ ಬೆಲೆಯನ್ನು ಚೂರುಚೂರೇ ಏರಿಸಬೇಕು, 1.0 ಇದ್ದದ್ದನ್ನು 1.1, ಆಮೇಲೆ 1.2. ಮೂಲೆಗಳ ಆಕಾರ ತಿಳಿದ ಕೂಡಲೇ ನಿಲ್ಲಿಸಬೇಕು. ಆ್ಯಂಬಿಯೆಂಟ್ ಜಾಸ್ತಿಯಾದರೆ ನೆರಳು ಸತ್ತು ಎಲ್ಲವೂ ಚಪ್ಪಟೆಯಾಗುತ್ತದೆ. ಬಳಿಕ ‘ಸೇವ್ ಕಾನ್ಫಿಗರೇಷನ್’ ಒತ್ತದಿದ್ದರೆ ಆಟ ಮುಚ್ಚಿದಾಗ ಎಲ್ಲವೂ ಹೋಗುತ್ತದೆ.

ಗುಹೆಯಿಂದ ಹೊರಬಂದಾಗ ಕ್ಷಣಕಾಲ ಎಲ್ಲವೂ ಬೆಳ್ಳಗಾಗಿ ನಿಧಾನಕ್ಕೆ ಸರಿಹೋಗುವುದು ‘ಅಡಾಪ್ಟೇಷನ್’ನ ಕೆಲಸ. ಜೆ.ಪಿ. ನಗರದ ರಂಗಶಂಕರದಲ್ಲಿ ಮಧ್ಯಾಹ್ನದ ನಾಟಕ ನೋಡಿ ಹೊರಗೆ ಬಿಸಿಲಿಗೆ ಬಂದವರ ಕಣ್ಣಿಗೆ ಆಗುವುದೇ ಇಲ್ಲಿ ಲೆಕ್ಕಾಚಾರದಿಂದ ಆಗುತ್ತದೆ. ಪಂಜು ಹಿಡಿದಾಗ ಕೋಣೆ ಬೆಳಗುವ ಬದಲು ಇನ್ನಷ್ಟು ಕಪ್ಪಾದರೆ ತಪ್ಪು ಇದರದ್ದೇ. ಪಂಜಿನ ಉರಿ ಪರದೆಯ ತುಂಬಾ ಇರುವುದರಿಂದ ದೃಶ್ಯ ತುಂಬಾ ಬೆಳಕಾಗಿದೆಯೆಂದು ಎಣಿಸಿ ಅದು ಉಳಿದದ್ದನ್ನು ತಗ್ಗಿಸುತ್ತದೆ. ಇಎನ್‌ಬಿಯ ಅಡಾಪ್ಟೇಷನ್ ವಿಭಾಗದಲ್ಲಿ ಕನಿಷ್ಠ, ಗರಿಷ್ಠ ಬೆಲೆಗಳಿಗೆ ಮಿತಿ ಹಾಕುವ ಆಯ್ಕೆಯಿದೆ. ಎರಡನ್ನೂ ಹತ್ತಿರ ತಂದಷ್ಟು ಈ ಏರಿಳಿತ ಕಡಿಮೆಯಾಗುತ್ತದೆ.

ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ ನೆರಳು ಬೆಳಕಿನ ವಿಷಯದಲ್ಲಿ ನೆನಪಾಗದೆ ಇರರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಕತ್ತಲ ಸ್ಟುಡಿಯೊದೊಳಕ್ಕೆ ಒಂದೇ ಕಿರಣವಾಗಿ ಇಳಿಸಿದವರು ಅವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ, 2008ರ ಸಾಲಿಗೆ. ಆ ದೃಶ್ಯವನ್ನು ಒಮ್ಮೆ ಗಮನವಿಟ್ಟು ನೋಡಿದವರಿಗೆ ಆ್ಯಂಬಿಯೆಂಟ್ ಎಷ್ಟು ಕಡಿಮೆ ಇರಬಹುದು, ಒಂದು ನೇರ ಬೆಳಕು ಎಷ್ಟು ಕೆಲಸ ಮಾಡಬಹುದು ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ. ಆಟ ತಯಾರಿಸುವ ಸ್ಟುಡಿಯೊಗಳಲ್ಲಿ ‘ಲೈಟಿಂಗ್ ಆರ್ಟಿಸ್ಟ್’ ಎಂಬುದು ಇಂದು ಪ್ರತ್ಯೇಕ ಹುದ್ದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ 2019ರಲ್ಲಿ ರಾಕ್‌ಸ್ಟಾರ್ ಕಂಪನಿಯ ಪಾಲಾಗಿ, ಇದೇ ಊರಿನಿಂದ ಜಗತ್ತಿನ ದೊಡ್ಡ ಆಟಗಳಿಗೆ ಕೆಲಸ ನಡೆಯುತ್ತಿದೆ. ಮನೆಯಲ್ಲಿ ಕೂತು ಒಂದು ಗುಹೆಯ ಬೆಳಕನ್ನು ತಾಳ್ಮೆಯಿಂದ ತಿದ್ದುವ ಹುಡುಗ ಹುಡುಗಿಯರು ಕಲಿಯುತ್ತಿರುವುದು ಈ ಕಸುಬಿನ ಮೊದಲ ಪಾಠವನ್ನೇ. ಹೆತ್ತವರು ಇದನ್ನು ಬರಿ ಕಾಲಹರಣವೆಂದು ತಳ್ಳಿಹಾಕಬಾರದು.

ಮನೆಯ ಚಿಕ್ಕವರು ಆಡುವ ಮೈನ್‌ಕ್ರಾಫ್ಟ್‌ಗೂ ಇದೇ ಕ್ರಮ ಸಾಕು. ಅದರ ಬ್ರೈಟ್‌ನೆಸ್ ಪಟ್ಟಿ ‘ಮೂಡಿ’ಯಿಂದ ‘ಬ್ರೈಟ್’ವರೆಗೆ ಹೋಗುತ್ತದೆ. ಶೇಡರ್ ಹಾಕಿದ ಮೇಲೆ ಶೇಡರಿನ ಸ್ವಂತ ಸೆಟ್ಟಿಂಗ್‌ನಲ್ಲಿ ತಿದ್ದಿದರೆ ಫಲಿತಾಂಶ ಚೆನ್ನ.

ಎಲ್ಲ ಹೊಂದಿಕೆಯಾದ ದಿನ ಮೂರು ಕಡತಗಳ ಪ್ರತಿ ತೆಗೆದು ಬೇರೆ ಕಡೆ ಇಟ್ಟುಕೊಳ್ಳಬೇಕು: ಸ್ಕೈರಿಮ್‌ನ ಐಎನ್‌ಐಗಳು, ಇಎನ್‌ಬಿ ಸೀರೀಸ್‌ನ ಐಎನ್‌ಐ, ಮಾಡ್‌ಗಳ ಲೋಡ್ ಆರ್ಡರ್. ಸ್ಟೀಮ್‌ನಲ್ಲಿ ಆಟದ ಅಪ್‌ಡೇಟನ್ನು ‘ತೆರೆದಾಗ ಮಾತ್ರ’ ಎಂಬ ಆಯ್ಕೆಗೆ ಬದಲಿಸಿ, ಆಟವನ್ನು ಮಾಡ್ ಮ್ಯಾನೇಜರ್ ಮೂಲಕವೇ ತೆರೆಯುವುದು ಕ್ಷೇಮ. 2021ರ ನವೆಂಬರಿನ ಅಪ್‌ಡೇಟೂ 2023ರ ಡಿಸೆಂಬರ್ 5ರ ಅಪ್‌ಡೇಟೂ ಬಂದಾಗ ‘ಸ್ಕ್ರಿಪ್ಟ್ ಎಕ್ಸ್‌ಟೆಂಡರ್’ ಎಂಬ ಪೂರಕ ತಂತ್ರಾಂಶವನ್ನು ನೆಚ್ಚಿಕೊಂಡ ಮಾಡ್‌ಗಳು ಹೊಸ ಆವೃತ್ತಿ ಬರುವವರೆಗೂ ನಿಂತುಹೋಗಿದ್ದವು. ಕಮ್ಯುನಿಟಿ ಶೇಡರ್ಸ್ ಕೂಡ ಅದನ್ನೇ ನೆಚ್ಚಿಕೊಂಡ ಮಾಡ್.